ಜೋಮು ಅಂದರೆ ಜೋಮು

ದಡ್, ದಡ್, ದಡ್. ಮುದ್ದೆಕೋಲು ಹಂಡೆಯ ಅಂಚಿಗೆ ಮೂರು ಸಲ ಬಡಿಯಿತೆಂದರೆ ಹೊಳೆನರಸೀಪುರದ ಸಂತೆಬೀದಿಯಲ್ಲಿ ಗಾಡಿಯವರು ಎತ್ತುಗಳ ಕೊರಳಿಂದ ನೊಗ ಇಳಿಸುತ್ತಿದ್ದರು. ಕೋಲಿಗೆ ಅಂಟಿದ ಹಿಟ್ಟನ್ನು ಕೊಡವುವ ಸದ್ದು ಅದು. ಗಂಗಾಧರಯ್ಯನವರ ಛತ್ರದಲ್ಲಿ ಹಿಟ್ಟು ಬೆಂದಿದೆ, ಇನ್ನು ಕಟ್ಟುವುದಷ್ಟೇ ಬಾಕಿ ಎಂದು ಅದರ ಅರ್ಥ. ಬೀದಿಯವರಿಗೆ ಇನ್ನೊಂದು ಅರ್ಥವೂ ಗೊತ್ತಿತ್ತು. ಮೂರು ಏಟೂ ಒಂದೇ ಸಮನೆ ಬಿದ್ದರೆ ಬಸವಲಿಂಗಮ್ಮ ಸಮಾಧಾನವಾಗಿದ್ದಾಳೆ; ಮೂರನೆಯದು ಜೋರಾಗಿ ಬಿದ್ದರೆ ಇವತ್ತು ಎಲೆಯ ಮುಂದೆ ಕೂತು ಉಪ್ಪು ಕೇಳಬಾರದು.

ಬಸವಲಿಂಗಮ್ಮನಿಗೆ ಆಗ ನಲವತ್ತೊಂದು. ಹುಟ್ಟಿದ್ದು ಮಲ್ಲಿಪಟ್ಟಣದಲ್ಲಿ, ಕೊಟ್ಟಿದ್ದು ದಂಡಿಗನಹಳ್ಳಿಗೆ, ಇಪ್ಪತ್ತನಾಲ್ಕಕ್ಕೆ ಗಂಡ ಸತ್ತ ಮೇಲೆ ಬಂದು ಸೇರಿದ್ದು ಈ ಛತ್ರಕ್ಕೆ. ಗಂಗಾಧರಯ್ಯನವರ ತಂದೆ ದಾರಿಹೋಕರಿಗೆಂದು ಕಟ್ಟಿಸಿದ ಛತ್ರ. ಹದಿನೇಳು ವರ್ಷದಿಂದ ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ನೂರು ಮುದ್ದೆ. ಹಂಡೆ ಅಲುಗದಂತೆ ಕವೆಗೋಲನ್ನು ಪಾದದಿಂದ ಮೆಟ್ಟಿ, ಎರಡೂ ಕೈಯಲ್ಲಿ ಮುದ್ದೆಕೋಲು ಹಿಡಿದು ಅವಳು ಹಿಟ್ಟು ತೊಳಸುವುದನ್ನು ನೋಡಿದವರು, ಯಾರ ಮೇಲೋ ಹಗೆ ತೀರಿಸಿಕೊಳ್ಳುತ್ತಿದ್ದಾಳೆ ಅನ್ನುತ್ತಿದ್ದರು. ಆ ಕೋಲು ಅವಳದೇ. ತವರಿನಿಂದ ತಂದದ್ದು, ಹಿಡಿಯುವ ಜಾಗದಲ್ಲಿ ಅವಳ ಅಂಗೈಯ ಅಳತೆಗೆ ಸವೆದಿತ್ತು. ಬೇರೆ ಹೆಂಗಸರು ಎರಡು ಮುದ್ದೆಗೊಮ್ಮೆ ತಣ್ಣೀರಿಗೆ ಕೈ ಅದ್ದಿದರೆ ಬಸವಲಿಂಗಮ್ಮ ಹತ್ತಕ್ಕೊಮ್ಮೆ ಅದ್ದುತ್ತಿದ್ದಳು. ಅವಳಿಗೆ ಇದ್ದ ಜಂಬ ಅದೊಂದೇ.

ಮೂವತ್ತೆಂಟನೆಯ ಇಸವಿಯ ಕಾರ್ತಿಕದಲ್ಲಿ ಬಲಗೈಗೆ ಜೋಮು ಶುರುವಾಯಿತು. ಬೆಳಗ್ಗೆ ಏಳುವಾಗ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ತನ್ನವಲ್ಲವೇನೋ ಎಂಬಂತೆ ಇರುತ್ತಿದ್ದವು. ಕೈ ಕೊಡವಿದರೆ ಇರುವೆ ಹರಿದ ಹಾಗೆ ಜುಮ್ಮೆಂದು, ಒಲೆ ಹಚ್ಚುವ ಹೊತ್ತಿಗೆ ಸರಿಹೋಗುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ.

ಹೇಳಿದ್ದು ನಾಗಕುಮಾರನಿಗೆ. ಅವನು ಹೊಸದಾಗಿ ಬಂದ ಸ್ಯಾನಿಟರಿ ಇನ್ಸ್‌ಪೆಕ್ಟರು, ಬೆಳಗೊಳದ ಕಡೆಯ ಹುಡುಗ. ಮಾತು ಮೆತ್ತಗೆ, ಅಂಗಿಯ ಮಡಿಕೆ ಚೂಪು. ಆ ವರ್ಷ ದೊಡ್ಡ ರೋಗದವರ, ಅಂದರೆ ಕುಷ್ಠದವರ, ಪಟ್ಟಿ ಮಾಡಬೇಕೆಂದು ಮೇಲಿನಿಂದ ಆಜ್ಞೆಯಾಗಿತ್ತು. ಅಡಿಗೆಮನೆಗಳನ್ನು ಮೊದಲು ನೋಡಬೇಕಂತೆ. ಅವನ ಕೈಯಲ್ಲಿ ಅಚ್ಚಾದ ಫಾರಮ್ಮು, ಜೇಬಿನಲ್ಲಿ ಒಂದು ತೆಳು ಪುಸ್ತಕ. ನರಗಳ ಕಾಯಿಲೆಗೆ ಜನ ಆಡುವ ಮಾತು ಒಂದು ಕಡೆ, ಅದಕ್ಕೆ ಫಾರಮ್ಮಿನಲ್ಲಿ ಬರೆಯಬೇಕಾದ ಪದ ಇನ್ನೊಂದು ಕಡೆ. ಯಾವ ಪಂಡಿತರು ಕೂತು ಮಾಡಿದ್ದೋ.

ಸ್ಪರ್ಶಜ್ಞಾನದಲ್ಲಿ ಲೋಪ ಉಂಟೇ ಎಂದು ಅವನು ಕೇಳಿದ. ಅವಳು ಕೋಲು ನಿಲ್ಲಿಸದೆ, ಅದೇನು ತಿನ್ನುವ ಪದಾರ್ಥವೇ ಅಂದಳು. ಅವನು ಪುಸ್ತಕ ತಿರುವಿ, ಜೋಮು ಹಿಡಿಯುವುದುಂಟೇ ಎಂದ. ಒಂದೊಂದು ದಿನ ಹಿಡಿಯುತ್ತದೆ ಅಂದಳು. ಆಮೇಲೆ ಅವನು, ಕೈಗೆ ಬಿಸಿ ತಾಕುವುದು ತಿಳಿಯುತ್ತದೆಯೇ ಎಂದು ಕೇಳಿದ. ಅಲ್ಲೇ ಎಡವಟ್ಟಾಯಿತು. ಮುದ್ದೆ ಕಟ್ಟುವವಳನ್ನು ಕೇಳುವ ಪ್ರಶ್ನೆಯೇ ಅದು?

"ಬಿಸೀನಾ? ಅದ್ನೇಳು ವರ್ಸದಿಂದ ಬೆಂಕಿ ಉಂಡೆ ಕಟ್ಟಿರೋ ಕೈ ಕಣಪ್ಪಾ ಇದು. ಇದ್ಕೆ ಬಿಸಿ ಗಿಸಿ ಏನೂ ತಾಕಾಕಿಲ್ಲ, ಬರ್ಕೊ."

ಅವನು ಬರೆದುಕೊಂಡ. ತನ್ನ ಕೈಯ ಮಾತು ಸರ್ಕಾರದ ಕಾಗದಕ್ಕೆ ಏರಿತಲ್ಲ ಎಂದು ಅವಳಿಗೆ ಒಳಗೊಳಗೇ ಹಿಗ್ಗಾಗಿತ್ತು. ಆ ಹಿಗ್ಗನ್ನು ನೆನೆದಾಗಲೆಲ್ಲ ಮುಂದೆ ಅವಳ ಮೈ ಉರಿಯುತ್ತಿತ್ತು.

ನಾಲ್ಕನೆಯ ದಿನ ಪಂಕ್ತಿ ಕೂತಿತ್ತು. ಗಂಗಾಧರಯ್ಯನವರು ಶಲ್ಯ ಸರಿಮಾಡಿಕೊಳ್ಳುತ್ತಾ ಪಡಸಾಲೆಯ ನಡುವೆ ಬಂದು, ಇವತ್ತಿನಿಂದ ಬಸವಲಿಂಗಮ್ಮ ಒಲೆಯ ಹತ್ತಿರ ಹೋಗುವುದು ಬೇಡ ಎಂದರು. ಕಾಗದ ಬಂದಿದೆ, ಅದರಲ್ಲಿ ಸ್ಪರ್ಶಶೂನ್ಯ ಎಂದಿದೆ ಎಂದರು. ಹಾಗಂದರೆ ಏನು ಬುದ್ಧಿ ಎಂದು ಯಾರೋ ಕೇಳಿದರು. ಅವರು ನೆಲ ನೋಡುತ್ತಾ, ದೊಡ್ಡ ರೋಗದ ಗುರುತಂತೆ ಅಂದರು.

ಮುದ್ದೆ ಮುರಿಯುತ್ತಿದ್ದ ಕೈಗಳು ನಿಂತವು. ಒಬ್ಬ ಬಾಯಲ್ಲಿದ್ದುದನ್ನು ಎಲೆಯ ಮೇಲೇ ಉಗಿದ. ಹತ್ತು ವರ್ಷದಿಂದ ಅವಳ ಕೈಯಲ್ಲಿ ಉಂಡವನು. ಬಸವಲಿಂಗಮ್ಮ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು. ಒಬ್ಬೊಬ್ಬರೇ ಎಲೆ ಮಡಿಚಿ, ಅವಳ ಸೆರಗು ತಾಕದ ಹಾಗೆ ಗೋಡೆಗೆ ಒತ್ತಿಕೊಂಡು ಹೊರಗೆ ಹೋದರು.

ಅವಳಿಗೆ ಅಳು ಬರಲಿಲ್ಲ. ಬಂದದ್ದು ಹದಿನೇಳು ವರ್ಷ ಹಳೆಯ ಸಿಟ್ಟು.

ಗಂಡ ಪುಟ್ಟಸ್ವಾಮಿ ಒಂದು ಬೆಳಗ್ಗೆ ಹೊಲದಲ್ಲಿ ಬಿದ್ದಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಎಡಗೈ ಎಡಗಾಲು ಸತ್ತಿದ್ದವು. ಊರ ಪಂಡಿತರು ನೋಡಿ ವಾಯು ಎಂದರು. ಪಾರ್ಶ್ವವಾಯು ಎಂದೇ ಅಂದಿರಬೇಕು. ಅತ್ತೆಗೆ ಕೇಳಿಸಿದ್ದು ಕೊನೆಯದಷ್ಟೇ. ವಾಯು ಅಂದರೆ ಗಾಳಿ. ಗಾಳಿ ಅಂದರೆ ಹುಣಸೆಮರದ್ದು. ಒಂಬತ್ತು ದಿನ ಬೇವಿನ ಸೊಪ್ಪಿನಲ್ಲಿ ಹೊಡೆದರು, ಮುಖಕ್ಕೆ ಮೆಣಸಿನಕಾಯಿ ಹೊಗೆ ಹಾಕಿದರು. ಅವನ ಬಲಗಣ್ಣು ಅವಳನ್ನೇ ಹುಡುಕುತ್ತಿತ್ತು. ಹತ್ತನೆಯ ದಿನ ಹೋದ. ತಲೆಯೊಳಗೆ ರಕ್ತದ ನಾಳ ಒಡೆದರೆ ಹಾಗಾಗುತ್ತದೆ, ಉಳಿಯುವುದು ಕಷ್ಟವಿತ್ತು ಎಂದು ಎಷ್ಟೋ ವರ್ಷದ ಮೇಲೆ ಯಾರೋ ತಿಳಿದವರು ಹೇಳಿದರು. ಇರಲಿ. ಬಾಯಿಗೆ ನೀರು ಬಿಡಿಸಿಕೊಂಡು ಸಾಯಬಹುದಾಗಿದ್ದವನು ಮೂಗಿಗೆ ಹೊಗೆ ತುಂಬಿಕೊಂಡು ಸತ್ತ. ಒಂದು ಪದದಿಂದ. ಅವತ್ತು ಅವಳು ಬಾಯಿ ಬಿಟ್ಟಿರಲಿಲ್ಲ. ಸೊಸೆ, ಬಾಗಿಲ ಹಿಂದೆ ನಿಂತಿದ್ದಳು.

ಇವತ್ತು ಸಾರಿನ ಪಾತ್ರೆ ಇಳಿಸಿ ನೆಟ್ಟಗೆ ಮುಸಾಫಿರ್‌ಖಾನೆಗೆ ನಡೆದಳು. ನಾಗಕುಮಾರ ಅಲ್ಲಿ ಇಳಿದುಕೊಂಡಿದ್ದ. ಅವಳನ್ನು ನೋಡಿ ಎದ್ದುನಿಂತ. ತಪ್ಪು ಮಾಡಿದವನ ಹಾಗಲ್ಲ, ದೊಡ್ಡವರು ಬಂದರು ಎಂಬ ಮರ್ಯಾದೆಯಿಂದ. ಹಾಗೆ ಯಾಕೆ ಬರೆದೆ ಎಂದು ಕೇಳಿದ್ದಕ್ಕೆ ಪುಸ್ತಕ ತೆಗೆದು ಓದಿ ತೋರಿಸಿದ. ಜೋಮು, ಜುಮ್ಮು, ಮರಗಟ್ಟುವುದು: ಮೂರನ್ನೂ ಒಂದು ಕಂಸದಲ್ಲಿ ಕೂಡಿಸಿ ಎದುರಿಗೆ ಒಂದೇ ಪದ ಬರೆದಿತ್ತು. ಸ್ಪರ್ಶಶೂನ್ಯತೆ.

ಜೋಮು ಬಂದು ಹೋಗುವುದು, ಜುಮ್ಮು ಹೋಗುವಾಗ ಆಗುವುದು, ಮರಗಟ್ಟಿದ್ದು ಹೋಗುವುದೇ ಇಲ್ಲ, ಮೂರೂ ಒಂದೇ ಹೇಗಾದೀತು ಎಂದು ಅವಳು ಕೇಳಿದಳು. ನಾಗಕುಮಾರ ಪುಟ ತಿರುವಿದ, ಮತ್ತೆ ಹಿಂದಕ್ಕೆ ತಿರುವಿದ.

"ಪುಸ್ತಕದಲ್ಲಿ ಒಂದೇ ಪದ ಇರೋದು ತಾಯಿ."

"ಬರ್ದೋನ್ಗೆ ಕೈ ಇರ್ನಿಲ್ವಾ?"

ಅವನ ಮುಖ ಕೆಂಪಾಯಿತು. ಬರೆದದ್ದನ್ನು ತಾನು ಹೊಡೆದುಹಾಕುವಂತಿಲ್ಲ, ಹಾಸನದ ಡಾಕ್ಟರು ನೋಡಿ ಬರೆದುಕೊಟ್ಟರೆ ಆದೀತು ಎಂದ.

ಹಾಸನಕ್ಕೆ ಅವಳನ್ನು ಗಾಡಿಗೆ ಹತ್ತಿಸಿಕೊಂಡವನು ಬೈರಯ್ಯ ಒಬ್ಬನೇ. ತೆಂಗಿನಕಾಯಿ ಹೇರುವವನು, ಛತ್ರದ ಹಳೆಯ ಗಿರಾಕಿ. ದಾರಿಯುದ್ದ ಅವಳು ಬೈದಳು: ಪುಸ್ತಕವನ್ನು, ಪಂಡಿತರನ್ನು, ಎಲೆಯ ಮೇಲೆ ಉಗಿದವನನ್ನು. ಬೈರಯ್ಯ ಎತ್ತಿನ ಬಾಲ ಮುಟ್ಟುತ್ತಾ ಕೇಳಿಸಿಕೊಂಡ.

"ಅಕ್ಕಾ, ಇಷ್ಟ್ ವರ್ಸದಿಂದ ನಿನ್ ಮುದ್ದೆ ತಿಂದಿವ್ನಿ. ಅಂಟೋದಾಗಿದ್ರೆ ಇಷ್ಟೊತ್ಗೆ ನನ್ ಎತ್ಗೂ ಬಂದಿರ್ಬೇಕಿತ್ತು ಕಣ."

ಅವಳು ಅವನನ್ನೂ ಬೈದಳು. ಆದರೆ ಅದು ಬೇರೆ ಥರದ ಬೈಗುಳ.

ಹಾಸನದ ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಬೆರಳು ಬೆರಳನ್ನೂ ಸವರಿದರು. ಯಾವ ಬೆರಳು ಎಂದು ಅವಳು ಹೇಳುತ್ತಾ ಹೋದಳು. ಸೂಜಿ ಚುಚ್ಚಿದರು, ಬೈದಳು. ಮೈಮೇಲೆ ಮಚ್ಚೆಯೇನಾದರೂ ಇದೆಯೇ ಎಂದು ಹುಡುಕಿದರು, ಇರಲಿಲ್ಲ. ಬಿಸಿನೀರಿನ ಸೀಸೆ ಒಂದು, ತಣ್ಣೀರಿನದು ಒಂದು ಅಂಗೈಗೆ ತಾಕಿಸಿದರು. ಬಿಸಿ, ತಣ್ಣಗೆ, ಬಿಸಿ ಎಂದು ತಪ್ಪದೆ ಅಂದಳು.

ಹಾಗಾದರೆ ಬಿಸಿ ತಾಕುವುದಿಲ್ಲ ಎಂದು ಬರೆಸಿದ್ದೇಕೆ ಎಂದು ಅವರು ಕೇಳಿದರು. ಅವಳು ಅಂಗೈ ತಿರುಗಿಸಿ ನೋಡಿಕೊಂಡಳು.

"ತಾಕಾಕಿಲ್ಲ ಅಂದ್ರೆ ತಾಕಾಕಿಲ್ಲ ಅಂತಲ್ಲ ಸಾ. ಸುಡ್ತದೆ. ನಾನು ಬಿಡಾಕಿಲ್ಲ, ಅಷ್ಟೆ."

ಡಾಕ್ಟರು ಅವಳ ಮಣಿಕಟ್ಟನ್ನು ಮೇಲೆ ಮಾಡಿ ಬೆರಳಿನಿಂದ ಒಂದು ಕಡೆ ತಟ್ಟಿದರು. ಚೇಳು ಕುಟುಕಿದಂತೆ ಮೂರು ಬೆರಳಿಗೂ ಹೊಡೆಯಿತು, ಕೈ ಕಿತ್ತುಕೊಂಡಳು. ಸಿಕ್ಕಿತು ಎಂದರು ಅವರು. ಇಲ್ಲಿ ಒಂದು ಸಣ್ಣ ಸಂದಿಯಲ್ಲಿ ನರ ಹಾದುಹೋಗುತ್ತದೆ, ಕೋಲು ತಿರುವಿ ತಿರುವಿ ಸುತ್ತಲ ಮಾಂಸ ಬಾತು ಅದನ್ನು ಅದುಮಿದೆ, ಕೈಗೆ ಎರಡು ತಿಂಗಳು ಬಿಡುವು ಕೊಟ್ಟರೆ ಇಳಿದೀತು ಎಂದು ವಿವರಿಸಿದರು. ಅವಳು ಕೈಮೇಲೆ ಎದ್ದು ಕಾಣುವ ನೀಲಿ ಗೆರೆ ತೋರಿಸಿ ಇದೇ ನರವಲ್ಲವೇ ಅಂದಳು. ಅದು ರಕ್ತದ್ದು, ನಾನು ಹೇಳಿದ್ದು ಕಾಣದ ನರ ಎಂದರು ಅವರು. ನಾವು ಎರಡಕ್ಕೂ ನರ ಅಂದುಬಿಡುತ್ತೇವೆ ಎಂದು ಡಾಕ್ಟರು ಒಪ್ಪಿಕೊಂಡರು. ಮೂರಕ್ಕೆ ಒಂದು ಹೆಸರು, ಎರಡಕ್ಕೆ ಒಂದು ಹೆಸರು. ಹೆಸರಿಗೆ ಅಷ್ಟು ಬರವೇ ಎಂದು ಅವಳಿಗೆ ಮತ್ತೆ ಸಿಟ್ಟು ಬಂತು.

ಅವರು ಕಾಗದ ಬರೆದು ಓದಿ ಹೇಳಿದರು. ಆ ರೋಗವಲ್ಲ. ಮಣಿಕಟ್ಟಿನಲ್ಲಿ ನರ ಅದುಮಿದ್ದರಿಂದ ಸಂವೇದನಾ ವ್ಯತ್ಯಯ.

ಕೊನೆಯ ಮಾತು ಬೇಡ, ಜೋಮು ಎಂದು ಬರೆಯಿರಿ ಅಂದಳು. ಸರ್ಕಾರದ ಕಾಗದದಲ್ಲಿ ಹಾಗೆ ಬರೆಯುವ ರೂಢಿಯಿಲ್ಲ ಎಂದರು. ಅವಳು ಬಾಗಿಲಿಗೆ ಅಡ್ಡ ಕೂತಳು.

"ಜೋಮು ಅಂದ್ರೆ ಜೋಮು ಸಾ. ನೀವ್ ಬ್ಯಾರೆ ಬರುದ್ರೆ ಅಲ್ಲಿ ಅವ್ರು ಬ್ಯಾರೆ ಓದ್ತಾರೆ."

ಡಾಕ್ಟರು ಅವಳನ್ನು ನೋಡಿದರು. ಆಮೇಲೆ ಬರೆದದ್ದನ್ನು ಹೊಡೆದು, ಮೇಲೆ ಎರಡೇ ಅಕ್ಷರ ಬರೆದು, ಪಕ್ಕದಲ್ಲಿ ರುಜು ಹಾಕಿದರು.

ಮರುದಿನ ಹೊಳೆನರಸೀಪುರಕ್ಕೆ ಬಂದಾಗ ಛತ್ರದ ಪಡಸಾಲೆಯಲ್ಲಿ ಪಂಕ್ತಿ ಕೂತಿತ್ತು. ಹೊಸಬಳ ಮುದ್ದೆಯಲ್ಲಿ ಹಿಟ್ಟಿನ ಗಂಟು ಎಂದು ಗೊಣಗುವುದು ಜಗುಲಿಗೇ ಕೇಳುತ್ತಿತ್ತು. ಗಂಗಾಧರಯ್ಯನವರು ಕಾಗದವನ್ನು ಎರಡು ಸಲ ಓದಿದರು. ಮುಖ ಅರಳಿತು. ಕೆಟ್ಟವರಲ್ಲ ಅವರು, ಆ ದಿನದಿಂದ ತಾವೂ ಸರಿಯಾಗಿ ಉಂಡಿರಲಿಲ್ಲ. ದೇವರು ದೊಡ್ಡವನು, ಕೈ ವಾಸಿ ಮಾಡಿಕೊಂಡು ಬಂದು ಒಲೆ ಹಿಡಿ ಎಂದು ಕಾಗದವನ್ನು ಮಡಿಚಿ ಜೇಬಿಗೆ ಹಾಕಿದರು.

"ಅವತ್ತು ಅಲ್ಲಿ ಎಲ್ರ ಮುಂದೆ ಏಳಿದ್ರಲ್ಲ ಬುದ್ಧಿ," ಅವಳು ಪಡಸಾಲೆಯ ಕಡೆ ಕೈ ಮಾಡಿದಳು. "ಇದ್ನೂ ಅಲ್ಲೇ ಏಳಿ. ಎಲ್ಲಾ ಕುಂತವ್ರೆ."

ಗಂಗಾಧರಯ್ಯನವರು ದನಿ ತಗ್ಗಿಸಿದರು. ಈಗ ಹೇಳಿದರೆ ಮರೆತದ್ದನ್ನು ನೆನಪು ಮಾಡಿದ ಹಾಗೆ. ಜನಕ್ಕೆ ಜೋಮು ಬೇರೆ, ಅದು ಬೇರೆ ಎಂದು ಬಿಡಿಸಿ ಹೇಳಲಾದೀತೇ? ಸ್ವಲ್ಪ ದಿನ ಅವಳು ಒಳಗೆ ತೊಳಸಲಿ, ಬಡಿಸುವುದಕ್ಕೆ ಇನ್ನೊಬ್ಬಳು ಇರಲಿ. ಯುಗಾದಿ ಹೊತ್ತಿಗೆ ಎಲ್ಲ ತಾನಾಗಿ ಸರಿಹೋಗುತ್ತದೆ.

ಬಸವಲಿಂಗಮ್ಮ ಕೈ ನೀಡಿ ಅವರ ಜೇಬಿನಿಂದ ಕಾಗದ ತೆಗೆದುಕೊಂಡಳು. ಅವರು ಬೆಚ್ಚಿ ಹಿಂದೆ ಸರಿದರು, ಆ ಕೈ ಎದೆಗೆ ತಾಕದಂತೆ. ಸರಿದ ಮೇಲೆ ತಾವು ಸರಿದದ್ದು ಅವರಿಗೇ ತಿಳಿಯಿತು. ಅವಳು ಅದನ್ನು ನೋಡಿದಳು. ಒಳಗೆ ಹೋಗಿ, ಒಲೆಯ ಪಕ್ಕ ಒರಗಿಸಿದ್ದ ತನ್ನ ಮುದ್ದೆಕೋಲನ್ನು ಎಡಗೈಯಲ್ಲಿ ಎತ್ತಿಕೊಂಡು, ಎರಡು ಸಾಲು ಎಲೆಗಳ ನಡುವೆ ಯಾರ ಮುಖವನ್ನೂ ಬಿಡದೆ ನೋಡುತ್ತಾ ಹೊರಗೆ ಬಂದಳು.

"ನೋಡು ಬಸವಲಿಂಗಮ್ಮ, ನಾನು ಬೇಕಂತ ಮಾಡ್ಲಿಲ್ಲ," ಗಂಗಾಧರಯ್ಯನವರು ಶುರುಮಾಡಿದರು. "ನಿನ್ನ ಕೈ ಮೇಲೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ, ಆ ಪದ ಅಂಥಾದ್ದು, ಯಾರು ಕೇಳಿದ್ರೂ ಒಂದು ಸಲ..."

ಅಷ್ಟರಲ್ಲಿ ಅವಳು ಮೆಟ್ಟಿಲಿಳಿದು, ಗಾಡಿಗಳು ನಿಂತಿದ್ದ ಕಡೆಗೆ ಸಂತೆಬೀದಿಯಲ್ಲಿ ಅರ್ಧ ದೂರ ಹೋಗಿದ್ದಳು.