ಗುಡ್ಡದ ಹುಲ್ಲು ಯಾರ ತಲೆಯದು?

ಸಲೂನಿನ ಯಜಮಾನನ ಮನೆಯ ಮಹಡಿ ಕೋಣೆಯಲ್ಲಿ ಒಂದು ರೈಲು ಓಡುತ್ತಿತ್ತು. ಗೇಣುದ್ದದ ಎಂಜಿನ್, ನಾಲ್ಕು ಬೋಗಿ, ಎರಡು ಸ್ಟೇಷನ್, ಒಂದು ಸುರಂಗ. ಹಳಿಯ ಇಕ್ಕೆಲದ ಗುಡ್ಡಗಳಿಗೆ ಆತ ಅಂಗಡಿಯ ಹುಲ್ಲು ತರಲಿಲ್ಲ. ಗಿರಾಕಿಗಳ ತಲೆಯಿಂದ ಉದುರಿದ್ದನ್ನೇ ತೊಳೆದು, ಬಣ್ಣದಲ್ಲಿ ಅದ್ದಿ, ಗೋಂದು ಸವರಿ ನೆಟ್ಟಿದ್ದ. ನರೆಗೂದಲು ಹಸಿರನ್ನು ಬೇಗ ಹಿಡಿಯುತ್ತದೆಂದು ಮುದುಕರನ್ನು ಕಂಡರೆ ಆತನಿಗೆ ವಿಶೇಷ ಅಕ್ಕರೆ.

ಹೆಂಡತಿ ಬಾಯಿ ಬಡಿದುಕೊಂಡಳು. "ಊರೋರ ಕೂದ್ಲೆಲ್ಲಾ ಮನೆಗೆ ತರ್ತೀರಲ್ಲ, ನಾಳೆ ಉಗುರೂ ತರ್ತೀರೇನು?"

"ಉಗುರು... ಸ್ಟೇಷನ್ ಹೆಂಚಿಗೆ ಆಗ್ಬಹುದು ಕಣೇ!" ಎಂದು ಆತ ಯೋಚನೆಗೆ ಬಿದ್ದ.

ಊರಿನ ಮಾದರಿ ರೈಲು ಸಂಘದಲ್ಲಿ ಅಪ್ಪಟ ಹವ್ಯಾಸಿಗಳಿಗೆ ಮಾತ್ರ ಜಾಗ. ಆತ ಅರ್ಜಿ ಹಾಕಿದ ಮೇಲೆ ಪರೀಕ್ಷೆಗೆ ಕಾರ್ಯದರ್ಶಿಯೇ ಬಂದರು: ನಿವೃತ್ತ ಗಣಿತ ಮೇಷ್ಟ್ರು, ನುಣ್ಣನೆಯ ಬೋಳುತಲೆ, ಕೈಯಲ್ಲಿ ಭೂತಗನ್ನಡಿ. ಹಳಿ ಅಳೆದು ತಲೆಯಾಡಿಸಿದರು. ಸಿಗ್ನಲ್ ನೋಡಿ ಹೂಂಗುಟ್ಟಿದರು. ಹುಲ್ಲು ಮುಟ್ಟಿದ್ದೇ ತಡ, ಮೂಗು ಮುರಿದರು.

"ಏನ್ರೀ ಇದು, ಕೂದ್ಲಿದ್ದ ಹಾಗಿದೆ?"

"ಕೂದ್ಲೇ ಸಾರ್."

"ಅಂಗಡಿ ಕಸ ತಂದು ಅಂಟಿಸೋದು ಹವ್ಯಾಸ ಅಲ್ಲ ರೀ. ಅಪ್ಪಟ ಹವ್ಯಾಸಿ ಒಂದೊಂದು ಎಸಳನ್ನೂ ಕೂತು ಮಾಡ್ತಾನೆ."

ಹೆಂಡತಿಗೆ ರೇಗಿತು. ತಾನು ಎಷ್ಟೇ ಬೈದಿರಲಿ, ಗಂಡನನ್ನು ಹೊರಗಿನವರು ಬೈಯಲು ಬಿಟ್ಟಾಳೆಯೇ?

"ಸಾರ್, ಆ ಸುರಂಗದ ಪಕ್ಕದ ಕಾಡು ನೋಡಿ. ಅದು ನಿಮ್ದೇ. ಆಗ ನೀವು ನಮ್ಮಲ್ಲೇ ಕಟಿಂಗ್ ಮಾಡಿಸ್ತಿದ್ರಲ್ಲ, ಕೂದ್ಲಿದ್ದ ಕಾಲದಲ್ಲಿ? ಇವರು ಡಬ್ಬಿ ಮೇಲೆ ಹೆಸರು ಬರೆದು ಇಟ್ಕೊಂಡಿದ್ರು."

ಮೇಷ್ಟ್ರು ಮಂಡಿಯೂರಿ ಭೂತಗನ್ನಡಿ ಹಿಡಿದರು. ಬಣ್ಣ ಸೋಕಿಸದ ಕಡುಗಪ್ಪು, ಗುಂಗುರು ಗುಂಗುರು ಕಾಡು. ರೈಲು ಅದನ್ನು ಎರಡು ಸಲ ಹಾದುಹೋದರೂ ಅವರು ಏಳಲಿಲ್ಲ.

"ಎಷ್ಟು ಒತ್ತಾಗಿತ್ತು, ಅಲ್ವಾ?" ಎಂದರು ಮೆಲ್ಲಗೆ.

"ಬಾಚಣಿಗೆ ಮುರೀತಿತ್ತು ಸಾರ್" ಎಂದ ಯಜಮಾನ.

ಅರ್ಜಿಗೆ ಅಲ್ಲೇ ಸಹಿ ಬಿತ್ತು. ಷರತ್ತು ಒಂದೇ: ಆ ಕಾಡನ್ನು ಯಾವ ಕಾರಣಕ್ಕೂ ಕಡಿಯಬಾರದು.

ಆದರೆ ಸಂಘದ ಸಭೆ ನಡೆಯುವುದು ಭಾನುವಾರ ಬೆಳಿಗ್ಗೆ, ಸಲೂನಿನಲ್ಲಿ ಉಸಿರಾಡಲು ಪುರುಸೊತ್ತಿರದ ಹೊತ್ತು. ಆತನಿಗೆ ಒಂದು ಸಭೆಗೂ ಹೋಗಲಾಗಲಿಲ್ಲ. ಬದಲಿಗೆ ಹೆಂಡತಿ ಹೋದಳು. ಈಗ ಹೊಸಬರು ಅಪ್ಪಟ ಹವ್ಯಾಸಿಗಳೋ ಅಲ್ಲವೋ ಎಂದು ತೀರ್ಮಾನಿಸುವವಳು ಅವಳೇ. ಬಲು ಕಟ್ಟುನಿಟ್ಟಂತೆ, ಹೋದ ತಿಂಗಳು ಮೂವರನ್ನು ವಾಪಸ್ ಕಳಿಸಿದಳು.