ಹೆಂಡತಿ ಸಿಟ್ಟಾಗಲಿಲ್ಲ, ಯಾಕೆ?

ಕೊಪ್ಪಳ ಸ್ಟೇಷನ್ನಿಗೆ ಹೋಗಿ ಅತ್ತೆಯವರನ್ನು ಕರೆತರುವುದನ್ನು ಮರೆತೆ. ಪೂರ್ತಿ ಮರೆತೆ. ಅವರು ಚೀಲ ಹೊತ್ತು ಆಟೊ ಹಿಡಿದು ಮನೆ ಸೇರಿದಾಗ ನಾನು ಗೆಳೆಯರ ಜೊತೆ ಮಿರ್ಚಿ ತಿನ್ನುತ್ತಿದ್ದೆ.

ಬೈಗುಳಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಮನೆಗೆ ಹೋದೆ. ಹೆಂಡತಿ ಸುನಂದಾ ನೀರು ಕೊಟ್ಟಳು. ಎದುರಿಗೆ ಕುಳಿತಳು. ‘ಅಡಚಣಿ ಏನಾತ್ರಿ? ನಿಧಾನಕ್ಕ ಹೇಳ್ರಿ, ನಾ ಕೇಳ್ತೀನಿ’ ಅಂದಳು.

ನನಗೆ ಬೆವರು ಬಂತು. (ನಿಮ್ಮ ಮನೆಯಲ್ಲಿ ಹೀಗಾದರೆ ನಿಮಗೂ ಬರುತ್ತದೆ.) ಸಿಟ್ಟಾಗದ ಹೆಂಡತಿಯನ್ನು ನಂಬುವುದು ಹೇಗೆ? ತವರಿಗೆ ಹೊರಟಿದ್ದಾಳೆಯೆ? ಅತ್ತೆಯವರು ಬಂದದ್ದೇ ಅದಕ್ಕಾಗಿಯೆ?

ಅಂದಿನಿಂದ ಕಣ್ಣಿಟ್ಟೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಯಾರದೋ ಮಾತಿಗೆ ತಲೆಯಾಡಿಸುತ್ತಾಳೆ. ನಾನು ಹತ್ತಿರ ಹೋದರೆ ಲ್ಯಾಪ್‌ಟಾಪ್ ಮುಚ್ಚುತ್ತಾಳೆ. ಕೊನೆಗೆ ಕೇಳಿಯೇ ಬಿಟ್ಟೆ: ‘ಏನ್ ನಡದೈತಿ?’

ಪರೀಕ್ಷೆಯಂತೆ! ಸುನಂದಾ ಕುಷ್ಟಗಿ ಕಡೆ ಗಾಳಿಯಂತ್ರ ನಿಲ್ಲಿಸುವ ಕಂಪನಿಯಲ್ಲಿ ಎಂಜಿನಿಯರ್. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಸಿಕ್ಕರೆ ಯಲಬುರ್ಗಾದ ಹೊಸ ಕೆಲಸಕ್ಕೆ ಅವಳೇ ಮುಖ್ಯಸ್ಥೆ. ಸಿಗದಿದ್ದರೆ ಅವಳೇ ಕೆಲಸ ಕಲಿಸಿದ ಜೂನಿಯರ್ ಅವಳಿಗೆ ಸಾಹೇಬ. ಒಮ್ಮೆ ಫೇಲಾಗಿದ್ದಳು. ನನಗೆ ಹೇಳಿರಲಿಲ್ಲ.

‘ಓದಿದ್ದು ಕಮ್ಮಿ ಆಗಿಲ್ರಿ, ಮೈಂಡ್‌ಸೆಟ್ ಸರಿ ಇಲ್ಲಂತ. ಕೆಲಸದವ್ರು ಬರ್ಲಿಲ್ಲಂದ್ರ ಏನ್ ಮಾಡ್ತೀರಿ ಅಂತ ಕೇಳ್ತಾರ. ಸಾಹೇಬ್ರಿಗೆ ಫೋನ್ ಹಚ್ಚಿದ್ರ ತಪ್ಪು. ಬೈದ್ರ ತಪ್ಪು. ಮೊದ್ಲಿಗೆ ಕಾರಣ ಕೇಳಬೇಕು.’

‘ಅದಕ್ಕ ನನ್ನ ಮ್ಯಾಲೆ ಪ್ರಾಕ್ಟೀಸ್ ಏನು?’

‘ಹೂಂರಿ. ಮತ್ತ ಯಾರು ಸಿಗ್ತಾರ?’

ಸಮಾಧಾನವಾಯಿತು. ಆದರೂ ಅನುಮಾನ ಹೋಗಲಿಲ್ಲ. ಕಾರಣ ಕೇಳಿದರೆ ಅವಳ ಕೆಲಸಕ್ಕೆ ಆಳು ಕಳಿಸುವ ಗಂಗಾವತಿಯ ಗುತ್ತಿಗೆದಾರ ಏನು ಹೇಳುತ್ತಾನೆ? ‘ಮಾಡೋಣ ತಗೋರಿ.’ ಅಂದರೆ ಮಾಡುವುದಿಲ್ಲ ಅಂತ. ಈ ಪ್ರಶ್ನೆ ಬರೆದವರು ಎಂದಾದರೂ ಅವನ ಮುಖ ನೋಡಿದ್ದಾರೆಯೆ?

ಇರಲಿ. ಸುನಂದಾ ಪಾಸಾದಳು! ಅತ್ತೆಯವರು ಕಣ್ಣೊರೆಸಿಕೊಂಡರು. ನನಗೂ ಹೆಮ್ಮೆ ತಡೆಯಲಾಗಲಿಲ್ಲ, ಓಣಿಗೆಲ್ಲ ಪೇಡೆ ಹಂಚಿ ಬಂದೆ. ಹಸಿದು ಊಟಕ್ಕೆ ಕುಳಿತೆ.

ತಟ್ಟೆ ಬರಲಿಲ್ಲ. ಜೋಳದ ಹಿಟ್ಟಿನ ಡಬ್ಬಿ ಬಂತು. ಅದನ್ನು ನನ್ನ ಮುಂದಿಟ್ಟು ಸುನಂದಾ ಅವ್ವನ ಪಕ್ಕ ಕಾಲು ಚಾಚಿ ಕುಳಿತಳು.

‘ಹ್ವಾದ ಸಲ ಫೇಲ್ ಆಗಿದ್ದು ಯಾಕ ಗೊತ್ತೇನ್ರಿ? ಯಾರೂ ಮಾಡ್ಲಿಲ್ಲಂದ್ರ ನಾನ ಮಾಡಿಬಿಡ್ತೀನಿ ಅಂತ ಎಲ್ಲಾ ಕಡೆ ಟಿಕ್ ಹಾಕಿದ್ದೆ. ಅದು ತಪ್ಪು ಉತ್ತರ ಅಂತ.’

ಹಾಗಾದರೆ ಇಷ್ಟು ವರ್ಷ ನಾನು ಬಿಸಿಬಿಸಿಯಾಗಿ ಉಂಡದ್ದೆಲ್ಲ ತಪ್ಪು ಉತ್ತರವನ್ನೇ?