ಬಾವಿಯ ನೀರಿನಲ್ಲಿ ತೊಳೆದ ಗೋಡೆ

ಬಹ್ರೈನಿನ ರಿಫಾದಲ್ಲಿದ್ದ ಆ ವಿಲ್ಲಾದ ಗೇಟು ದಾಟಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ಹಿಂದಿನ ಸಂಜೆ ಒದ್ದೆಯಾಗಿದ್ದಾಗ ಹೊಚ್ಚ ಹೊಸದಾಗಿ ಕಂಡಿದ್ದ ಮರಳು ಬಣ್ಣದ ಗೋಡೆ ಬೆಳಗಿನ ಬಿಸಿಲಿಗೆ ಒಣಗಿತ್ತು, ಉದ್ದಕ್ಕೂ ಬಿಳಿ ಮಚ್ಚೆಗಳು ಎದ್ದಿದ್ದವು. ಕಿಟಕಿಗಳ ಕೆಳಗಿನಿಂದ ಬಿಳಿ ಗೆರೆಗಳು ನೆಲದವರೆಗೆ ಇಳಿದಿದ್ದವು. ಎಲೆಯಡಿಕೆ ಹಾಕುವವರು ಸುಣ್ಣದ ಬೆರಳನ್ನು ಗೋಡೆಗೆ ಒರೆಸುತ್ತಾರಲ್ಲ, ಹಾಗಿತ್ತು. ಒರೆಸಿದ ಬೆರಳು ಮಾತ್ರ ಆಳೆತ್ತರದ್ದು. ತೊಳೆಯುವ ಮೊದಲು ಅದು ಬರೀ ಧೂಳು ಹಿಡಿದ ಗೋಡೆಯಾಗಿತ್ತು. ತೊಳೆದ ಮೇಲೆ ಹಾಳಾದ ಗೋಡೆಯಾಗಿತ್ತು.

ಇದು ಎರಡು ಸಾವಿರದ ದಶಕದ ಕೊನೆಯ ವರ್ಷಗಳ ಮಾತು. ಟುಬ್ಲಿಯಲ್ಲಿ ಶೆಡ್ಡು ಇದ್ದ ಒಂದು ಕ್ಲೀನಿಂಗ್ ಕಂಪನಿಯಲ್ಲಿ ನಾನು ಸೂಪರ್‌ವೈಸರ್. ಹೊರಗೋಡೆಗಳನ್ನು ಮೆತ್ತಗೆ ತೊಳೆಯುವುದರಲ್ಲಿ ನಮ್ಮ ಕಂಪನಿಗೆ ಹೆಸರಿತ್ತು. ಜೋರಾಗಿ ನೀರು ಹೊಡೆದರೆ ಬಣ್ಣ ಕಿತ್ತು ಬರುತ್ತದೆ. ಅದಕ್ಕೇ ತಿಳಿಯಾದ ಸೋಪಿನ ನೀರನ್ನು ಹನಿಸಿ, ಕೊಳೆ ನೆನೆಯಲು ಬಿಟ್ಟು, ಕಡಿಮೆ ಒತ್ತಡದಲ್ಲಿ ತೊಳೆದುಕೊಂಡು ಹೋಗುವುದು. ಆ ವಿಲ್ಲಾದ ಒಡತಿ ಎಪ್ಪತ್ತು ದಾಟಿದ ಬಹ್ರೈನಿ ಅಜ್ಜಿ. ನಾವೆಲ್ಲ ಆಕೆಯನ್ನು ಅಲ್ಲಿಯವರ ಹಾಗೆ ಮಾಮಾ, ಅಂದರೆ ಅಮ್ಮ, ಎನ್ನುತ್ತಿದ್ದೆವು. ಮೊಮ್ಮಗನ ಮದುವೆ ಮಾತಿಗೆ ಹೆಣ್ಣಿನ ಕಡೆಯವರು ಗುರುವಾರ ಬರುವವರಿದ್ದರು, ಅಷ್ಟರೊಳಗೆ ಮನೆ ಚೊಕ್ಕಟವಾಗಬೇಕಿತ್ತು. ಅವತ್ತು ಮಂಗಳವಾರ.

ಗೋಡೆ ತೊಳೆದವರು ನನಗಿಂತ ಹದಿನೈದು ವರ್ಷ ದೊಡ್ಡವರು, ಕಾರ್ಕಳದ ಕಡೆಯವರು. ಅವರದು ತುಳು, ನನ್ನದು ಕೊಂಕಣಿ, ನಮ್ಮಿಬ್ಬರ ನಡುವೆ ಕನ್ನಡ. ಅವರು ನನ್ನನ್ನು ಸಾರ್ ಎನ್ನುತ್ತಿದ್ದರು, ನಾನು ಅಣ್ಣ ಎನ್ನುತ್ತಿದ್ದೆ. ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಪೈಪ್ ಹಿಡಿಯುವುದನ್ನು ಕಲಿಸಿದವರೇ ಅವರು. ಆಮೇಲೆ ನನಗೆ ಇಂಗ್ಲಿಷ್ ಬರುತ್ತದೆಂದು ಕಂಪನಿಯವರು ನನ್ನನ್ನು ಸೂಪರ್‌ವೈಸರ್ ಮಾಡಿದರು, ಅಣ್ಣ ಪೈಪಿನಲ್ಲೇ ಉಳಿದರು.

ಸೋಮವಾರ ಬೆಳಿಗ್ಗೆ ನಾನೇ ಅವರನ್ನು ಆ ಮನೆಗೆ ತಂದು ಬಿಟ್ಟಿದ್ದೆ. ಕಂಪನಿಯ ನೀರಿನ ಟ್ಯಾಂಕರ್ ಇನ್ನೂ ಬಂದಿರಲಿಲ್ಲ. ಹಿತ್ತಲಿಗೆ ಹೋದರೆ ಖರ್ಜೂರದ ಮರಗಳ ನಡುವೆ ಕಲ್ಲು ಕಟ್ಟಿದ ಒಂದು ಹಳೆಯ ಬಾವಿ, ಪಕ್ಕದಲ್ಲೇ ಮೋಟರ್. ನನಗಾದ ಖುಷಿ ಹೇಳತೀರದು. ಮರಳುಗಾಡಿನಲ್ಲಿ ಬಾವಿ! ನಮ್ಮೂರಿಗೆ ನಲ್ಲಿ ಬಂದ ಮೇಲೂ ಅಮ್ಮ ನಲ್ಲಿನೀರನ್ನು ಅಡುಗೆಮನೆಯ ಒಳಗೆ ಬಿಟ್ಟುಕೊಂಡವಳಲ್ಲ. ನೆಂಟರಿಗೆ ಬೆಲ್ಲದ ಜೊತೆ ಕೊಡುವುದು ಬಾವಿಯ ನೀರು, ಬಾಣಂತಿಗೆ ಕಾಯಿಸುವುದು ಬಾವಿಯ ನೀರು. ಬಾವಿ ಎಂದರೆ ಒಳ್ಳೆಯ ನೀರು ಎನ್ನುವುದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ಅದು ನನ್ನ ಮೈಯೊಳಗೇ ಇತ್ತು.

"ಅಣ್ಣ, ಇಷ್ಟು ಒಳ್ಳೆ ಬಾವಿ ಇರುವಾಗ ಟ್ಯಾಂಕರ್ ಎಂತಕ್ಕೆ? ಮೋಟರಿಗೆ ಪೈಪ್ ಹಾಕಿ" ಎಂದೆ. ಟ್ಯಾಂಕರಿನವನಿಗೆ ಫೋನ್ ಮಾಡಿ ಬೇರೆ ಕಡೆ ಹೋಗಲು ಹೇಳಿದೆ. ಅಣ್ಣ ಬಾವಿಯೊಳಗೆ ಬಗ್ಗಿ ನೋಡಿದರು, ತಲೆಯಾಡಿಸಿದರು, ಪೈಪಿನ ಸುತ್ತು ಬಿಚ್ಚಿದರು. ನನ್ನ ಫೋನ್ ಬಿಡದೆ ಹೊಡೆದುಕೊಳ್ಳುತ್ತಿತ್ತು, ಮನಾಮಾದಲ್ಲಿ ಇನ್ನೊಂದು ಕೆಲಸ. ನಾನು ಹೊರಟುಹೋದೆ. ಸಂಜೆ ಅವರನ್ನು ಕರೆದೊಯ್ಯಲು ಬಂದಾಗ ಗೋಡೆ ಇನ್ನೂ ಒದ್ದೆಯಾಗಿತ್ತು.

ಮಂಗಳವಾರ ಬೆಳಿಗ್ಗೆ ಆ ಗೋಡೆ ನೋಡಿದಾಗ ನನ್ನ ತಲೆಗೆ ಬಾವಿ ಬರಲೇ ಇಲ್ಲ. ಸೋಪು ಜಾಸ್ತಿ ಹಾಕಿದ್ದಾರೆ, ಸರಿಯಾಗಿ ತೊಳೆಯದೆ ಬಿಟ್ಟಿದ್ದಾರೆ, ಇಷ್ಟೇ ತೋಚಿದ್ದು. ಬೆಪ್ಪಾಗಿ ನಿಂತಿದ್ದವನಿಗೆ ಮರುಕ್ಷಣ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಮನೆಯವರಿಗೆಲ್ಲ ಗೊತ್ತಿರುವಂಥದ್ದೇ, ಅವತ್ತು ಅಣ್ಣನಿಗೂ ಗೊತ್ತಾಯಿತು.

"ಎಂತ ಮಾಡಿದ್ದು ನೀನು? ಕಣ್ಣು ಕಾಣುದಿಲ್ವಾ ನಿಂಗೆ? ಇಷ್ಟು ವರ್ಷ ಗೋಡೆ ತೊಳ್ದದ್ದಾ, ಮಣ್ಣು ತಿಂದದ್ದಾ?"

ನೀನು ಎಂದುಬಿಟ್ಟಿದ್ದೆ. ಅದು ಕಿವಿಗೆ ಬಿದ್ದದ್ದು ನನಗೂ ಗೊತ್ತಾಯಿತು, ಆದರೆ ನಿಲ್ಲಿಸಲಿಲ್ಲ. ಅಣ್ಣ ಗೋಡೆಯನ್ನೇ ನೋಡುತ್ತಾ, "ಇನ್ನೊಂದು ಸಲ ತೊಳಿತೇನೆ ಸಾರ್. ಟ್ಯಾಂಕರ್ ತರಿಸಿ" ಎಂದರು.

"ಟ್ಯಾಂಕರ್ ಬಂದ ಕೂಡ್ಲೇ ನಿಂಗೆ ಕೆಲಸ ಬರ್ತದಾ?"

ನಾನೇ ನಿಂತು ಮೋಟರ್ ಹಾಕಿಸಿದೆ, ನಾನೇ ನಿಂತು ಸೋಪಿಲ್ಲದೆ ಬರೀ ನೀರಿನಲ್ಲಿ ತೊಳೆಸಿದೆ. ಒದ್ದೆ ಗೋಡೆ ಮತ್ತೆ ಲಕ್ಷಣವಾಗಿ ಕಂಡಿತು. ಹನ್ನೊಂದು ಗಂಟೆಯ ಬಿಸಿಲಿಗೆ ಒಣಗುತ್ತಾ ಬಂದ ಹಾಗೆ ಮಚ್ಚೆಗಳು ನನ್ನ ಕಣ್ಣೆದುರೇ ಎದ್ದವು, ಮೊದಲಿಗಿಂತ ದಪ್ಪಗೆ, ಮೊದಲಿಲ್ಲದ ಜಾಗದಲ್ಲೂ. ಬರೀ ನೀರಿನಲ್ಲಿ ತೊಳೆದ ಗೋಡೆ ಹೇಗೆ ಕೊಳೆಯಾಗುತ್ತದೆ? ನನಗೆ ನಿಜಕ್ಕೂ ಭಯವಾಯಿತು. ಆ ಭಯದಲ್ಲೇ ಮ್ಯಾನೇಜರಿಗೆ ಫೋನ್ ಮಾಡಿ, ಈ ಮನುಷ್ಯನಿಂದ ಇನ್ನು ಕೆಲಸ ಆಗುವುದಿಲ್ಲ, ವಯಸ್ಸಾಯಿತು, ಊರಿಗೆ ಕಳಿಸಿಬಿಡುವುದು ಒಳ್ಳೆಯದು ಎಂದೆ. ಮ್ಯಾನೇಜರ್ ಜಾಸ್ತಿ ಕೇಳಲೂ ಇಲ್ಲ. ಕಾಗದಪತ್ರ ನೋಡಿಕೊಳ್ಳುವವನು ಹೇಗೂ ಇವತ್ತು ಆಫೀಸುಗಳಿಗೆ ಹೋಗುತ್ತಾನೆ, ವೀಸಾ ಕ್ಯಾನ್ಸಲ್ ಅರ್ಜಿಯನ್ನೂ ಕೊಟ್ಟು ಕಳಿಸುತ್ತೇನೆ ಎಂದರು. ಅಣ್ಣ ನಾಲ್ಕು ಹೆಜ್ಜೆ ದೂರದಲ್ಲಿದ್ದರು, ಎಲ್ಲವನ್ನೂ ಕೇಳಿಸಿಕೊಂಡರು. ಅವರ ಮಗಳ ನರ್ಸಿಂಗ್ ಮುಗಿಯಲು ಇನ್ನೂ ಎರಡು ವರ್ಷವಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ.

ಅಷ್ಟರಲ್ಲಿ ಮಾಮಾ ಕೋಲೂರಿಕೊಂಡು ಹೊರಗೆ ಬಂದರು. ಬೈಗುಳಕ್ಕೆ ನಾನು ತಯಾರಾಗಿ ನಿಂತೆ. ಆಕೆ ನಮ್ಮಿಬ್ಬರನ್ನೂ ದಾಟಿ ಗೋಡೆಯ ಹತ್ತಿರ ಹೋಗಿ, ಒಂದು ಬಿಳಿ ಮಚ್ಚೆಯ ಮೇಲೆ ತೋರುಬೆರಳನ್ನು ಎಳೆದು, ಆ ಬೆರಳನ್ನು ನಾಲಗೆಗೆ ಇಟ್ಟುಕೊಂಡರು. ಥೂ ಎಂದು ಉಗುಳಿ, "ಮಿಲ್ಹ್" ಎಂದರು. ಉಪ್ಪು. ಆಮೇಲೆ ಅರೆಬರೆ ಹಿಂದಿಯಲ್ಲಿ, ಹಿತ್ತಲಿನತ್ತ ಕೋಲು ತೋರಿಸುತ್ತಾ, ಆ ನೀರು ಮರಗಳಿಗೆ, ಮನುಷ್ಯರಿಗಲ್ಲ, ಗೋಡೆಗೂ ಅಲ್ಲ, ನಾನು ಚಿಕ್ಕವಳಿದ್ದಾಗ ಅದು ಸಿಹಿಯಾಗಿತ್ತು, ಈಗ ಸಮುದ್ರ ಎಂದರು.

ನಾನು ನಂಬಲಿಲ್ಲ. ಓಡಿಹೋಗಿ ಪೈಪಿನ ಬಾಯಿಂದ ಒಂದು ಬೊಗಸೆ ಹಿಡಿದು ಬಾಯಿಗೆ ಹಾಕಿದೆ. ಗಂಟಲು ಹಿಡಿಯಿತು. ಕಣ್ಣಿಗೆ ತಿಳಿಯಾಗಿ, ಕೈಗೆ ತಣ್ಣಗೆ, ನಮ್ಮ ಮನೆಯ ಬಾವಿಯ ನೀರಿನ ಹಾಗೇ ಕಂಡ ನೀರು ಉಪ್ಪಾಗಿತ್ತು! ಅಷ್ಟು ವರ್ಷ ಆ ದೇಶದಲ್ಲಿ ಅನ್ನ ಉಂಡವನು, ಕಂಪನಿಯ ಟ್ಯಾಂಕರಿನ ಮೇಲೆ ದಪ್ಪಕ್ಷರದಲ್ಲಿ ಸ್ವೀಟ್ ವಾಟರ್ ಎಂದು ಬರೆದದ್ದನ್ನು ದಿನಾ ಓದಿದವನು. ಸಿಹಿನೀರು ಎಂದು ಬರೆಯುತ್ತಾರಾದರೆ ಇನ್ನೊಂದು ಬಗೆಯ ನೀರೂ ಇರಬೇಕು ಎಂದು ಈ ದಡ್ಡನಿಗೆ ಹೊಳೆದೇ ಇರಲಿಲ್ಲ. ಬಾವಿಕಟ್ಟೆಯನ್ನು ಹಿಡಿದುಕೊಂಡು ನಿಂತೆ. ಗೋಡೆಯನ್ನು ಹಾಳು ಮಾಡಿದ್ದು ನಾನು, ಊರಿಗೆ ಹೋಗಬೇಕಾಗಿದ್ದು ಅವರು.

ಮ್ಯಾನೇಜರ್ ಮೂರನೆಯ ಸಲಕ್ಕೆ ಫೋನ್ ಎತ್ತಿದರು. ತಪ್ಪು ನನ್ನದು, ಅರ್ಜಿ ಕೊಡಬೇಡಿ ಎಂದೆ. ಕಾಗದಪತ್ರದವನು ಆಗಲೇ ಹೊರಟಾಯಿತು ಎಂದರು. ದಮ್ಮಯ್ಯ, ಅವನನ್ನು ನಿಲ್ಲಿಸಿ, ಬೇಕಾದರೆ ನನ್ನ ಹೆಸರಿನಲ್ಲಿ ಅರ್ಜಿ ಕೊಡಿ ಎಂದು ಅಂಗಲಾಚಿದೆ. ಅವರು ಮತ್ತೆ ಫೋನ್ ಮಾಡುವವರೆಗಿನ ಇಪ್ಪತ್ತು ನಿಮಿಷ ನಾನು ಅಣ್ಣನ ಮುಖ ನೋಡಲಿಲ್ಲ. ಆಫೀಸಿನ ಬಾಗಿಲಲ್ಲಿ ಟೋಕನ್ ಹಿಡಿದು ಕೂತಿದ್ದನಂತೆ, ವಾಪಸ್ ಕರೆಸಿದ್ದೇವೆ ಎಂದು ಉತ್ತರ ಬಂತು.

ಮಧ್ಯಾಹ್ನ ಸಿಹಿನೀರಿನ ಟ್ಯಾಂಕರ್ ಬಂತು. ಗೋಡೆಯನ್ನು ರಿಪೇರಿ ಮಾಡಿದ್ದು ಅಣ್ಣ, ನಾನು ಅವರು ಹೇಳಿದಷ್ಟು ಮಾಡುವ ಆಳು. ಮೊದಲು ನೀರೇ ಮುಟ್ಟಿಸದೆ ಮೆತ್ತನೆಯ ಬ್ರಷ್ಷಿನಿಂದ ಒಣ ಉಪ್ಪನ್ನು ಉದುರಿಸಿದೆವು. ಒದ್ದೆ ಮಾಡಿದರೆ ಅದು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ ಎಂದರು. ಆಮೇಲೆ ನೆರಳು ಬಿದ್ದ ಬದಿಯನ್ನು ಮಾತ್ರ ಹಿಡಿದು, ಕೆಳಗಿನಿಂದ ಮೇಲಕ್ಕೆ ಒದ್ದೆ ಮಾಡಿ, ಮೇಲಿನಿಂದ ಕೆಳಕ್ಕೆ ತೊಳೆದೆವು. ಕೆಳಗೆ ಒಣಗಿದ್ದರೆ ಇಳಿದು ಬರುವ ಕೊಳೆನೀರು ಗೆರೆ ಮಾಡುತ್ತದೆ. ಎಲ್ಲೂ ನಡುವೆ ನಿಲ್ಲಿಸದೆ ಮೂಲೆಯಿಂದ ಮೂಲೆಗೆ ಹೋಗಬೇಕು, ನಿಂತ ಜಾಗದಲ್ಲಿ ಪಟ್ಟೆ ಬೀಳುತ್ತದೆ. ಒಣಗಲು ಬಿಟ್ಟು ನೋಡಿದೆವು, ಬುಧವಾರ ಮತ್ತೊಮ್ಮೆ ತೊಳೆದೆವು. ಪ್ರತಿ ಬದಿ ಒಣಗಿದ ಮೇಲೆ ಅಣ್ಣ ಬೆರಳಿನಿಂದ ಗೋಡೆ ಸವರಿ ನಾಲಗೆಗೆ ಇಟ್ಟುಕೊಂಡು, "ಸಪ್ಪೆ ಸಾರ್" ಎನ್ನುತ್ತಿದ್ದರು. ಬುಧವಾರ ಸಂಜೆ ನಾಲ್ಕೂ ಬದಿಯೂ ಸಪ್ಪೆಯಾಯಿತು, ಒಂದೇ ಬಣ್ಣವೂ ಆಯಿತು.

ವಾಪಸು ಟುಬ್ಲಿಗೆ ಬರುವಾಗ ಪಿಕಪ್ಪಿನಲ್ಲಿ ನಾವಿಬ್ಬರೇ. ಕ್ಷಮೆ ಕೇಳಬೇಕೆಂದು ಎರಡು ದಿನದಿಂದ ಮಾತು ಜೋಡಿಸುತ್ತಿದ್ದೆ. ಬಾಯಿಗೆ ಬಂದದ್ದು ಬೇರೆಯೇ.

"ಅಣ್ಣ, ಮಾಮಾ ಹಾಗೆ ನಾಲಗೆಗೆ ಇಟ್ಟು ನೋಡಿದ್ದು ಒಳ್ಳೆದಾಯ್ತು. ಇಲ್ಲದಿದ್ರೆ ಇಬ್ಬರಿಗೂ ಗೊತ್ತಾಗ್ತಿರ್ಲಿಲ್ಲ."

ಅಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದರು. "ನಂಗೆ ಗೊತ್ತಿತ್ತು ಸಾರ್. ಸೋಮವಾರವೇ ಬಾಯಿಗೆ ಹಾಕಿ ನೋಡಿದ್ದೆ."

"ಮತ್ತೆ ಹೇಳುದಲ್ವಾ ಮಾರಾಯ್ರೆ!"

"ಹೇಳಿದ್ದೆ ಸಾರ್. ಬಾವಿ ಹತ್ರವೇ ಹೇಳಿದ್ದೆ, ನೀರು ಉಪ್ಪುಂಟು, ಟ್ಯಾಂಕರ್ ಕಾಯುವ ಅಂತ. ಬಾವಿ ನೀರಿಗೆ ಕೊಂಕು ತೆಗಿಬೇಡಿ ಅಂತ ಹೇಳಿದ್ರಿ ನೀವು. ನಗಾಡಿದ್ರಿ ಕೂಡ."

ಬ್ರೇಕ್ ಒತ್ತಿ ಗಾಡಿಯನ್ನು ಬದಿಗೆ ನಿಲ್ಲಿಸಿದೆ. ಸೋಮವಾರದ ಬೆಳಗನ್ನು ಎಷ್ಟು ತಡಕಿದರೂ ಅವರ ಆ ಮಾತು ನನಗೆ ಸಿಗಲಿಲ್ಲ. ನನ್ನ ನಗುವೂ ಸಿಗಲಿಲ್ಲ. ಅಣ್ಣ ಸುಳ್ಳು ಹೇಳುವವರಲ್ಲ; ಅವತ್ತು ಸುಳ್ಳು ಹೇಳಿ ಅವರಿಗೆ ಆಗಬೇಕಾದದ್ದೂ ಏನಿರಲಿಲ್ಲ.

ಅವರು ಬಾವಿಯೊಳಗೆ ಬಗ್ಗಿ ನೋಡಿದರು, ತಲೆಯಾಡಿಸಿದರು, ಪೈಪಿನ ಸುತ್ತು ಬಿಚ್ಚಿದರು ಎಂದು ಮೇಲೆ ಬರೆದಿದ್ದೇನೆ. ಅದನ್ನು ತಿದ್ದಲು ಕೂತೆ, ಆಗಲಿಲ್ಲ. ನನಗೆ ಇವತ್ತಿಗೂ ನೆನಪಿರುವುದು ಅಷ್ಟೇ.